ಮೂರನೆಯ ಪುಟದ ಪ್ರಕಟಣೆ

ಏಳನೆಯ ಕಂತು

"ಗೋಡಿಮ್ಯಾಗಿಂದ ಇಳಿಸಲೇಬೇಕೇನ್ರಿ?" ವೀರಬಸಮ್ಮ ಎರಡನೆಯ ಸಲ ಕೇಳಿದರು. "ಹನ್ನೊಂದನೇ ದಿನ ತೂಗಹಾಕಿದ್ದು. ಅವತ್ತಿನಿಂದ ಯಾರೂ ಮುಟ್ಟಿಲ್ಲ."

"ಒಂದೈದು ನಿಮಿಷ, ಅಮ್ಮಾ. ನೋಡಿ ನಾನ ಮತ್ತ ತೂಗಹಾಕಿ ಹೋಗ್ತೀನಿ," ಎಂದಳು ಮಹೇಶ್ವರಿ.

ನಾಗಲಕೊಂಡ ಠಾಣೆಯ ಎಸ್.ಐ. ಮಹೇಶ್ವರಿ ಬೂಟು ಬಿಚ್ಚಿ ಸ್ಟೂಲು ಹತ್ತಿದಳು. ಆದೋನಿಯ ಹತ್ತಿ ಪೇಟೆಯ ಹಿಂದಿನ ಹಳೆಯ ಮನೆ ಅದು. ಪಡಸಾಲೆಯ ನಡುಗೋಡೆಯ ಮೇಲೆ ಒಂದು ದೊಡ್ಡ ಚೌಕಟ್ಟು. ಗಾಜಿನ ಮೇಲೆ ಮೂರು ಗೆರೆ ವಿಭೂತಿ. ಒಳಗೆ, ಎಲ್ಲರ ಮನೆಯಲ್ಲಿರುವಂತೆ ಬರೀ ಫೋಟೋ ಅಲ್ಲ, ಪತ್ರಿಕೆಯ ಒಂದು ಇಡೀ ಪುಟ.

"ಮಗ ಫೋಟೋ ಅಷ್ಟ ಕತ್ತರಿಸಿ ಕಟ್ಟು ಹಾಕಿಸ್ತೀನಿ ಅಂದ," ವೀರಬಸಮ್ಮ ಹೇಳಿದರು. "ನಾ ಬ್ಯಾಡ ಅಂದೆ. ಅವರ ಮಾರಿ ಸುತ್ತ ಕತ್ತರಿ ಆಡಿಸೋದು ನನಗ್ಯಾಕೋ ಸರಿ ಕಾಣಲಿಲ್ಲ."

ಆ ಒಂದು ಮಾತಿನಿಂದಲೇ ಆ ಪುಟ ಉಳಿದಿತ್ತು.

'ಪಡಮಟಿ ದೀಪಿಕ' ಎಂಬ ತೆಲುಗು ದಿನಪತ್ರಿಕೆ. ಮೂರನೆಯ ಪುಟ. ತಾರೀಖು ಫೆಬ್ರವರಿ ಹದಿನೇಳು. ಎಡಕ್ಕೆ ಹತ್ತಿಯ ಧಾರಣೆ. ಅದರ ಕೆಳಗೆ ಎಮ್ಮಿಗನೂರಿನ ನೇಕಾರರ ಸಭೆಯ ಸುದ್ದಿ. ಬಲಗಡೆ ಕೆಳಮೂಲೆಯಲ್ಲಿ ರುಮಾಲು ಸುತ್ತಿದ ಸಿದ್ಧಬಸಪ್ಪನವರ ಫೋಟೋ; ಲಿಂಗೈಕ್ಯರಾದರೆಂಬ ಒಕ್ಕಣೆ.

ಮಹೇಶ್ವರಿ ಚೀಲದಿಂದ ಇನ್ನೊಂದು ಹಾಳೆ ತೆಗೆದು ಪಕ್ಕದಲ್ಲಿ ಹಿಡಿದಳು. ನಿನ್ನೆ ಕಂದಾಯ ಕಚೇರಿಯ ಫೈಲಿನಿಂದ ರಸೀದಿ ಕೊಟ್ಟು ತಂದದ್ದು. ಅದೇ ಪತ್ರಿಕೆ, ಅದೇ ತಾರೀಖು, ಅದೇ ಪುಟ. ಹತ್ತಿಯ ಧಾರಣೆ ಇತ್ತು. ನೇಕಾರರ ಸಭೆ ಇತ್ತು. ಸಿದ್ಧಬಸಪ್ಪನವರು ಮಾತ್ರ ಇರಲಿಲ್ಲ. ಅವರ ಜಾಗದಲ್ಲಿ ಸಣ್ಣ ಅಕ್ಷರದ ಸರ್ಕಾರಿ ಪ್ರಕಟಣೆ ಒಂದಿತ್ತು.

ಕಲ್ಲು ಗಣಿಯ ಸಿಡಿತಕ್ಕೂ ಜನವಸತಿಗೂ ನಡುವೆ ಐನೂರು ಮೀಟರ್ ಇರಬೇಕಾದದ್ದನ್ನು ನೂರೈವತ್ತಕ್ಕೆ ಇಳಿಸುವ ಕರಡು ನಿಯಮ. ಆಕ್ಷೇಪಣೆ ಇದ್ದವರು ಮೂವತ್ತು ದಿನದೊಳಗೆ ಬರೆದು ತಿಳಿಸಬೇಕು ಎಂದಿತ್ತು. ಕಾಯಂ ಆಗುವ ಮುಂಚೆ ಕರಡನ್ನು ಆ ಭಾಗದ ಜನ ಓದುವ ಪತ್ರಿಕೆಯಲ್ಲಿ ಅಚ್ಚು ಹಾಕಿಸಲೇಬೇಕು. ಹಾಕಿಸದಿದ್ದರೆ ನಿಯಮವೇ ನಿಲ್ಲುವುದಿಲ್ಲ, ಅದರ ಮೇಲೆ ಕೊಟ್ಟ ಗಣಿಯ ಪರವಾನಗಿಯೂ ನಿಲ್ಲುವುದಿಲ್ಲ. ಫೈಲಿನಲ್ಲಿ ಎಲ್ಲ ಸರಿಯಿತ್ತು. ಪತ್ರಿಕೆಯ ಹಾಳೆ ಇತ್ತು. 'ಯಾವ ಆಕ್ಷೇಪಣೆಯೂ ಬಂದಿರುವುದಿಲ್ಲ' ಎಂಬ ಷರಾ ಇತ್ತು.

ಅಚ್ಚಾಗದ ಪ್ರಕಟಣೆಗೆ ಆಕ್ಷೇಪಣೆ ಬರುವುದಾದರೂ ಎಲ್ಲಿಂದ?

"ಇದನ್ನ ನಾನು ಒಯ್ಯಬೇಕಾಗೇತಿ, ಅಮ್ಮಾ," ಎಂದಳು ಮಹೇಶ್ವರಿ. ಮತ್ತೆ ತೂಗಹಾಕುತ್ತೇನೆಂದು ಹೇಳಿ ಐದು ನಿಮಿಷವೂ ಆಗಿರಲಿಲ್ಲ.

ಮುದುಕಿ ಒಳಗೆ ಹೋಗಿ ಒಂದು ಬಿಳಿ ಪಂಚೆ ತಂದು ಚೌಕಟ್ಟಿಗೆ ಸುತ್ತಿಕೊಟ್ಟರು. ಬಾಗಿಲ ತನಕ ಬಂದು ಕೇಳಿದರು: "ನಮ್ಮನ್ಯಾಗ ಈ ಪೇಪರ್ ಐತಂತ ನಿಮಗ ಯಾರು ಹೇಳಿದ್ರು?"

"ನಾಗಲಕೊಂಡದಾಗ ಒಬ್ಬರು ಓದಿದ್ರಂತ. ಇವರ ಫೋಟೋ ನೆನಪಿಟ್ಕೊಂಡಿದ್ರು."

"ಅಷ್ಟು ಚೆಂದ ನೆನಪಿಟ್ಟವರನ್ನ ಕರಕೊಂಡು ಬರಬೇಕಿತ್ತು. ಒಂದು ಲೋಟ ಚಹಾ ಕುಡೀತಿದ್ರು."

ಮಹೇಶ್ವರಿ ಬೂಟು ಹಾಕಿಕೊಂಡಳು. ಲೇಸು ಕಟ್ಟಲು ಬಹಳ ಹೊತ್ತು ಹಿಡಿಯಿತು.

*

ನೆನಪಿಟ್ಟುಕೊಂಡವನು ವೆಂಕಟಪ್ಪ. ನಾಗಲಕೊಂಡದ ಶಾಖಾ ಗ್ರಂಥಾಲಯ ನೋಡಿಕೊಳ್ಳುತ್ತಿದ್ದವನು. ಹನ್ನೊಂದು ದಿನದ ಹಿಂದೆ, ಬುಧವಾರ ಮಧ್ಯಾಹ್ನ, ಕಾಲುವೆಯಲ್ಲಿ ಹೆಣವಾಗಿ ಸಿಕ್ಕವನು. ಮುಖ ತೊಳೆಯಲು ಇಳಿದು ಕಾಲು ಜಾರಿದ್ದಾನೆ ಎಂದು ಠಾಣೆಯಲ್ಲಿ ಬರೆದುಕೊಂಡಿದ್ದರು. ಬರೆಸಿದವಳು ಮಹೇಶ್ವರಿಯೇ.

ಜೀಪು ನಡೆಸುತ್ತಿದ್ದ ಕಾನ್‌ಸ್ಟೇಬಲ್ ಗಂಗೋತ್ರಿ ಕನ್ನಡಿಯಲ್ಲಿ ಅವಳ ಮುಖ ನೋಡಿದಳು. ಇಪ್ಪತ್ತಾರರ ಹುಡುಗಿ. ಠಾಣೆಯಲ್ಲಿ ಇವರಿಬ್ಬರೇ ಹೆಂಗಸರು. ಒಂದೇ ಡಬ್ಬಿಯಲ್ಲಿ ಉಣ್ಣುವಷ್ಟು ಬಳಕೆ.

"ಸಿಕ್ತೇನ್ರಿ ಮೇಡಂ?"

"ಸಿಕ್ತು. ಆತ ಬರದದ್ದು ಅಕ್ಷರ ಅಕ್ಷರ ಖರೇ ಐತಿ, ಗಂಗೂ."

"ಆ ಅರ್ಜಿ ಇನ್ನೂ ನಿಮ್ಮ ಹತ್ರನ ಐತೇನು?" ಗಂಗೋತ್ರಿ ದನಿ ತಗ್ಗಿಸಿದಳು. "ಸುಟ್ಟುಬಿಡ್ರಿ ಅಂತ ಎಷ್ಟು ಸಲ ಹೇಳ್ಲಿ? ಡಿಎಸ್ಪಿ ಸಾರ್‌ಗೆ ಗೊತ್ತಾದ್ರ ನಿಮ್ಮ ನೌಕರಿ ಉಳೀತೈತೇನು? ನಾನಂತೂ ಯಾರ ಮುಂದೂ ಬಾಯಿ ಬಿಡಾಂಗಿಲ್ಲ."

ಮಹೇಶ್ವರಿ ಕಿಟಕಿಯ ಹೊರಗೆ ನೋಡಿದಳು.

ಆ ಸೋಮವಾರ ಮಧ್ಯಾಹ್ನ ಅವಳ ಕೋಣೆಯಲ್ಲಿ ಇದ್ದದ್ದು ಮೂವರೇ. ಮಂತ್ರಿಯೊಬ್ಬರ ಬಂದೋಬಸ್ತಿಗೆ ಹೊರಡುವ ಗಡಿಬಿಡಿ. ವೆಂಕಟಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದ. ಅವಳು ಕೂಡು ಎನ್ನಲಿಲ್ಲ. ಆತ ನಾಲ್ಕು ಪುಟದ ಅರ್ಜಿ ಮುಂದಿಟ್ಟ. ದುಂಡನೆಯ ಕನ್ನಡ ಅಕ್ಷರ.

"ಪೇಪರಿನಾಗ ಪ್ರಕಟಣೆ ಬಂದಿಲ್ಲ ಅನ್ನೋದು ಪೊಲೀಸ್ ಕೇಸೇನು?" ಎಂದು ಅವಳು ಕೇಳಿದ್ದಳು. "ಅದೂ ಕನ್ನಡದಾಗ ಬರದೀದಿ. ಇದು ಆಂಧ್ರ. ತೆಲುಗಿನಾಗ ಬರ್ಕೊಂಡು ಬಾ, ಹೋಗು."

ತಂದೆಯ ವಯಸ್ಸಿನವನಿಗೆ 'ಬಾ, ಹೋಗು' ಎಂದಿದ್ದಳು. ಅವಳ ತಾಯಿ ಹೊಳೆದಂಡೆಯ ಕನ್ನಡ ಮಾತಿನ ಊರು ಮಾಧವರಂನವಳು. ಮಹೇಶ್ವರಿ ಮೊದಲು ತಿದ್ದಿದ್ದೇ ಕನ್ನಡ ಅಕ್ಷರ. ಓದಲು ಬರುವುದಿಲ್ಲವೆಂಬ ನೆಪವೂ ಅವಳಿಗಿರಲಿಲ್ಲ.

ವೆಂಕಟಪ್ಪ ಸಿಟ್ಟಾಗಲಿಲ್ಲ. "ಆಗ್ಲಿ ಮೇಡಂ, ಬರ್ಕೊಂಡು ಬರ್ತೀನಿ. ಇದು ಇಲ್ಲೇ ಇರ್ಲಿ, ಪುರುಸೊತ್ತಿದ್ದಾಗ ಕಣ್ಣಾಡಿಸಿರ್ರಿ," ಎಂದ. ಗಂಗೋತ್ರಿ ಕೊಟ್ಟ ನೀರು ಕುಡಿದ. ಹೋದ.

ಅವಳು ಕಣ್ಣಾಡಿಸಿದ್ದು ಹೆಣದ ಪಂಚನಾಮೆ ಮುಗಿದ ಮೇಲೆ. ಸಿದ್ಧಬಸಪ್ಪನವರ ಫೋಟೋ, ಪುಟ, ಮೂಲೆ ಎಲ್ಲವನ್ನೂ ಆತ ಬರೆದಿದ್ದ. ಆಮೇಲೆ ಗ್ರಂಥಾಲಯಕ್ಕೆ ಓಡಿದರೆ, ತಿಂಗಳಿಗೊಂದರಂತೆ ದಾರ ಹಾಕಿ ಕಟ್ಟಿಟ್ಟ ಪತ್ರಿಕೆಗಳಲ್ಲಿ ಫೆಬ್ರವರಿಯ ಕಟ್ಟು ಮಾತ್ರ ಇರಲಿಲ್ಲ. ಆತನ ಅಂಗಿಯ ಜೇಬಿನಲ್ಲಾಗಲಿ, ಕಾಲುವೆ ದಂಡೆಯಲ್ಲಾಗಲಿ ಒಂದು ಚೂರು ಕಾಗದವೂ ಸಿಕ್ಕಿರಲಿಲ್ಲ.

"ಪ್ರೆಸ್ಸಿಗೆ ನಡಿ, ಗಂಗೂ," ಎಂದಳು.

ಗಂಗೋತ್ರಿ ಗೇರು ಬದಲಿಸಿದಳು. ಬುಧವಾರ ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಹೋದವಳು ಜ್ವರವೆಂದು ನಾಲ್ಕು ದಿನ ಬಂದಿರಲಿಲ್ಲ. ಮುಖ ಇನ್ನೂ ಇಳಿದೇ ಇತ್ತು.

*

ಪ್ರೆಸ್ಸಿನಲ್ಲಿ ಮದುವೆ ಕಾರ್ಡುಗಳ ಹಸಿ ಮಸಿಯ ವಾಸನೆ. 'ಪಡಮಟಿ ದೀಪಿಕ'ದ ಮಾಲೀಕನೂ ಸಂಪಾದಕನೂ ಆದ ಸೋಮೇಶ್ ಎದ್ದು ನಿಂತು ತೆಲುಗಿನಲ್ಲಿ, "ರಂಡಿ ಮೇಡಂ, ಕೂರ್ಚೋಂಡಿ," ಎಂದು ಬರಮಾಡಿಕೊಂಡು ಕುರ್ಚಿ ಎಳೆದ. ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಣೆಯಲ್ಲಿ ವಿಭೂತಿ.

ಮಹೇಶ್ವರಿ ಕೂಡಲಿಲ್ಲ. ಪಂಚೆ ಬಿಚ್ಚಿ ಚೌಕಟ್ಟನ್ನು ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಫೈಲಿನ ಹಾಳೆ ಇಟ್ಟಳು.

"ಎರಡೂ ನಿಮ್ಮವ. ಒಂದ ದಿನದ್ದು. ಯಾವುದು ಖರೇ?"

ಸೋಮೇಶ್ ಎರಡನ್ನೂ ನೋಡಿದ. ನಕ್ಕ. "ಎರಡೂ ಖರೇನ ಮೇಡಂ. ಮೊದಲ ಕಂತು ಅಚ್ಚಾದ ಮ್ಯಾಲ ಒಂದು ಜಾಹೀರಾತು ತಗದು ಇನ್ನೊಂದು ಹಾಕಿರ್ತೀವಿ. ಎಲ್ಲಾ ಪೇಪರಿನಾಗೂ ನಡೀತೈತಿ."

"ಅಂದ್ರ ಎರಡೂ ಒಂದ ಯಂತ್ರದಾಗ ಅಚ್ಚಾದವು?"

"ಹೌದ್ರಿ. ಕರ್ನೂಲಿನ ದೊಡ್ಡ ಯಂತ್ರದಾಗ. ನಮ್ಮ ಪೇಪರ್ ಯಾವತ್ತೂ ಅಲ್ಲೇ."

"ಹಂಗಾದ್ರ ಈ ಅಂಚಿನ ಮ್ಯಾಲ ಬೆರಳಾಡಿಸ್ರಿ."

ಅವಳು ಚೌಕಟ್ಟಿನ ಹಿಂಬದಿಯ ರಟ್ಟು ಸರಿಸಿ ಪುಟದ ಮೇಲಂಚನ್ನು ಮಾತ್ರ ಹೊರಗೆ ಬಿಟ್ಟಳು. ಅಂಚು ಸಣ್ಣ ಗರಗಸದ ಹಲ್ಲಿನಂತಿತ್ತು. ಉರುಳೆ ಕಾಗದದ ಮೇಲೆ ಅಚ್ಚು ಹಾಕುವ ದೊಡ್ಡ ಯಂತ್ರ ಹಲ್ಲುಬ್ಲೇಡಿನಿಂದ ಕತ್ತರಿಸುತ್ತದೆ. ಮನೆಗೆ ಬರುವ ಯಾವ ದಿನಪತ್ರಿಕೆ ಹಿಡಿದರೂ ಅಂಚು ಹಾಗೇ ಇರುತ್ತದೆ.

"ಈಗ ಇದರ ಮ್ಯಾಲ."

ಫೈಲಿನ ಹಾಳೆಯ ಅಂಚು ನೇರವಾಗಿತ್ತು, ನುಣುಪಾಗಿತ್ತು. ಹಿಂದೆ ಮೇಜಿನ ಮೇಲೆ ಪೇರಿಸಿದ್ದ ಮದುವೆ ಕಾರ್ಡಿನ ಅಂಚಿನಂತೆ.

ಸೋಮೇಶನ ಬೆರಳು ಅಲ್ಲೇ ನಿಂತಿತು.

"ಇದು ಕರ್ನೂಲಿನಾಗ ಆಗಿದ್ದಲ್ಲ," ಎಂದಳು ಮಹೇಶ್ವರಿ. "ಇಲ್ಲೇ, ಈ ಸಣ್ಣ ಯಂತ್ರದಾಗ ಬಿಡಿ ಹಾಳಿ ಇಟ್ಟು ಅಚ್ಚು ಹಾಕಿ, ಆ ಕತ್ತರಿ ಯಂತ್ರದಾಗ ಕೊಯ್ದದ್ದು. ಎಷ್ಟು ಕಾಪಿ?"

ಮೂಲೆಯಲ್ಲಿ ಯಂತ್ರ ಓಡುತ್ತಲೇ ಇತ್ತು. ಸೋಮೇಶ್ ಹೋಗಿ ಅದನ್ನು ನಿಲ್ಲಿಸಿದ. ಕೆಲಸದ ಹೆಣ್ಣುಮಗಳಿಗೆ, "ನೀ ಊಟಕ್ಕ ಹೋಗವ್ವ," ಎಂದ. ಆಕೆ ಹೋದ ಮೇಲೆ ಕುರ್ಚಿಯಲ್ಲಿ ಕುಸಿದ.

"ಐದು."

"ಯಾರು ಹೇಳಿದ್ರು?"

"ಕೊಟ್ರಬಸಪ್ಪನವರು. ನಮ್ಮಕ್ಕನ ಗಂಡ." ನಾಗಲಕೊಂಡದ ಗುಡ್ಡದ ಗಣಿ ಯಾರದೆಂದು ಆದೋನಿಯಲ್ಲಿ ಎಲ್ಲರಿಗೂ ಗೊತ್ತಿತ್ತು. "ಬಂದು ಇಲ್ಲೇ ಕುಂತ್ರು. 'ಕಚೇರಿಯವರು ಜಾಹೀರಾತು ಕಳಿಸೋದು ಮರೆತು ಬಿಟ್ಟಾರ, ತಾರೀಖು ದಾಟಿಹೋತು, ಫೈಲಿಗೆ ಹಚ್ಚಾಕ ಐದ ಕಾಪಿ ಸಾಕು, ಯಾರಿಗೇನು ನಷ್ಟ?' ಅಂದ್ರು. ಅಕ್ಕನ ಮನಿಯವರಿಗೆ ಹೆಂಗ ಇಲ್ಲ ಅನ್ಲಿ ಮೇಡಂ? ಐದು ಹಾಳಿಯಿಂದ ಯಾರು ಸಾಯ್ತಾರ ಅಂದ್ಕೊಂಡೆ."

ಆ ಮಾತು ಬಾಯಿಂದ ಬಿದ್ದ ಮೇಲೆ ಅದರ ಭಾರ ಅವನಿಗೇ ತಾಗಿತು. ಕಣ್ಣು ಕೆಳಗೆ ಹಾಕಿದ.

"ವೆಂಕಟಪ್ಪ ಇಲ್ಲಿಗೆ ಬಂದಿದ್ರು," ಎಂದಳು ಮಹೇಶ್ವರಿ. ಅದು ಊಹೆ. ಆದರೆ ಪ್ರಶ್ನೆಯಂತೆ ಕೇಳಲಿಲ್ಲ.

"ಮಂಗಳವಾರ. ಖರೇ ಪೇಪರು ಪ್ಲಾಸ್ಟಿಕ್ ಕವರಿನಾಗ ಹಾಕ್ಕೊಂಡು ಬಂದಿದ್ದ. ಜಗಳ ಆಡಲಿಲ್ಲ ಮೇಡಂ. ಆಡಿದ್ರ ಚೊಲೊ ಇತ್ತು. 'ಸೋಮೇಶಪ್ಪಾ, ತಪ್ಪಾಗೇತಿ ಅಂತ ಒಂದು ಸಾಲು ನಿಮ್ಮ ಪೇಪರಿನಾಗ ಹಾಕ್ರಿ. ನಾ ಅದನ್ನ ಊರಾಗ ಓದ್ತೀನಿ. ಅಷ್ಟ ಸಾಕು ನನಗ' ಅಂದ."

"ನೀವೇನಂದ್ರಿ?"

"ನನಗ ಅಂಜಿಕಿ ಬಂತು. 'ಪೊಲೀಸರಿಗೆ ಹೇಳೀರೇನು?' ಅಂತ ಕೇಳಿದೆ." ಸೋಮೇಶ್ ಮೊದಲ ಸಲ ತಲೆಯೆತ್ತಿ ಅವಳನ್ನು ನೇರ ನೋಡಿದ. "'ಹೋಗಿದ್ದೆ, ತಗೊಳ್ಳಲಿಲ್ಲ' ಅಂದ. ಆಗ ನನ್ನ ಎದಿ ಹಗುರಾತು ಮೇಡಂ. ದೇವರಾಣೆ ಹೇಳ್ತೀನಿ, ಅವತ್ತು ನೀವು ಒಬ್ಬ ಪೇದೆನ್ನ ಕಳಿಸಿ ವಿಚಾರಿಸಿದ್ರ ಸಾಕಿತ್ತು, ನಿಮ್ಮ ಕಾಲಿಗೆ ಬಿದ್ದು ಎಲ್ಲಾ ಹೇಳಿಬಿಡ್ತಿದ್ದೆ. ಯಾರೂ ಬರಲಿಲ್ಲ. ಪೊಲೀಸರ ಬ್ಯಾಡ ಅಂದ ಮ್ಯಾಲ ನನಗ್ಯಾತರ ಅಂಜಿಕಿ ಅಂತ ಆತನ್ನ ಸಾಗಹಾಕಿದೆ."

ಬಾಗಿಲ ಬಳಿ ಗಂಗೋತ್ರಿ ಕಾಲು ಬದಲಿಸಿ ನಿಂತಳು. ಎದುರಿಗಿದ್ದವನು ಆರೋಪಿ. ಪ್ರಶ್ನೆ ಕೇಳಬೇಕಾದವಳು ಅವಳು. ಆದರೂ ಆ ಕೋಣೆಯಲ್ಲಿ ಉತ್ತರ ಕೊಡಬೇಕಾದವಳು ತಾನೇ ಎನ್ನಿಸಿತು.

"ಯಾಕ ತಗೊಳ್ಳಲಿಲ್ಲಂತ ಹೇಳಿದ್ರೇನು?"

"ಇಲ್ಲ. ನಾನೂ ಕೇಳಲಿಲ್ಲ."

"ಆಮ್ಯಾಲ?"

"ಸಂಜಿಕೆ ಕೊಟ್ರಬಸಪ್ಪನವರಿಗೆ ಫೋನ್ ಮಾಡಿ, ಇಂಥಾ ಒಬ್ಬ ಖರೇ ಪೇಪರ್ ಹಿಡ್ಕೊಂಡು ತಿರಗ್ಯಾಡಕತ್ತಾನ ಅಂತ ಹೇಳಿದೆ. ಅವರೇನೂ ಅನ್ನಲಿಲ್ಲ. ಫೋನ್ ಇಟ್ಟುಬಿಟ್ರು. ಮರುದಿನ ಆತ ಕಾಲುವಿಯೊಳಗ..." ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ನಾ ಬರೇ ಹೇಳಿದೆ ಮೇಡಂ. ಬರೇ ಹೇಳಿದೆ."

ನಾನು ಬರೇ ತಗೊಳ್ಳಲಿಲ್ಲ ಎಂದುಕೊಂಡಳು ಮಹೇಶ್ವರಿ.

ಹೇಳಿಕೆ ಬರೆಸಿಕೊಂಡಳು. ಅವನು ಸಹಿ ಮಾಡಿದ. ಸಾಕ್ಷಿಯ ಜಾಗದಲ್ಲಿ ಗಂಗೋತ್ರಿ ಸಹಿ ಮಾಡುವಾಗ ಪೆನ್ನು ಒಂದು ಸಲ ಜಾರಿತು. ಜ್ವರದ ನಿತ್ರಾಣ ಹೋಗಿಲ್ಲ, ಪಾಪ ಎಂದುಕೊಂಡಳು ಮಹೇಶ್ವರಿ.

*

"ಕೊಟ್ರಬಸಪ್ಪನ್ನ ಎತ್ತಿಹಾಕ್ಕೊಂಡು ಬರೋಣೇನ್ರಿ?" ಜೀಪು ಹತ್ತುತ್ತಾ ಗಂಗೋತ್ರಿ ಕೇಳಿದಳು.

"ಆತ ಆ ಬುಧವಾರ ಮುಂಜಾನಿಂದ ಸಂಜಿತನಕ ಎಮ್ಮಿಗನೂರಿನಾಗ ಮದುವಿಯೊಳಗ ಇದ್ದ. ಇನ್ನೂರು ಮಂದಿ ನೋಡ್ಯಾರ. ವೀಡಿಯೋದಾಗೂ ಅದಾನ. ಮಾಡಿಸಿದಾತ ಆತ ಇರಬಹುದು. ಮಾಡಿದಾತ ಬ್ಯಾರೆ." ಮಹೇಶ್ವರಿ ಜೀಪಿನ ಬಾಗಿಲು ಎಳೆದುಕೊಂಡಳು. "ಇನ್ನೊಂದು ಗೊತ್ತಾಗವಲ್ದು. ಮುಂಜಾನೆ ವೆಂಕಟಪ್ಪ ಕಾಲುವಿ ದಾರಿಗೆ ಯಾಕ ಹೋದ? ಊರಾಗ ಬಸ್ಸು ನಿಲ್ಲೋದು ಒಂದು ಕಡೆ. ಕಾಲುವಿ ಇನ್ನೊಂದು ಕಡೆ."

"ಹೊರಕಡಿಗೆ ಹೋಗಿರಬೇಕ್ರಿ."

"ಮನ್ಯಾಗ ಸಂಡಾಸು ಐತಿ ಗಂಗೂ. ನಾಗಲಕೊಂಡಕ್ಕ ಹೋಗೋಣ. ಆತನ ಹೆಂಡ್ತಿ ಸುಂಕಲಮ್ಮನ್ನ ನೋಡಬೇಕು."

"ಯಾಕ್ರಿ?"

"ಹೇಳಬೇಕಾದ್ದೈತಿ."

ಗಂಗೋತ್ರಿ ಕೀಲಿ ತಿರುಗಿಸದೆ ಕುಳಿತಳು. "ಬ್ಯಾಡ ಮೇಡಂ. ಹೇಳಿದ್ರ ಸತ್ತಾತ ಎದ್ದು ಬರ್ತಾನೇನು? ನಿಮ್ಮ ಕೊಳ್ಳಿಗೆ ನೀವ ಉರುಲು ಹಾಕ್ಕೊತೀರಿ."

"ನಡಿ."

ಎರಡೂ ಕಡೆ ಕರೀ ಎರೆ ನೆಲ. ಹತ್ತಿ ಬಿಡಿಸಿದ ಒಣ ಕಡ್ಡಿಗಳು. ದೂರದಲ್ಲಿ ನಾಗಲಕೊಂಡದ ಗುಡ್ಡ ಕಾಣಿಸಿತು. ಒಂದು ಪಕ್ಕ ಬೆಳ್ಳಗೆ ಸುಲಿದಿತ್ತು.

ಗುಡ್ಡದ ಬುಡದ ಮೂರನೆಯ ಸಾಲಿನಲ್ಲಿ ಸುಂಕಲಮ್ಮನ ಮನೆ. ಗಂಗೋತ್ರಿ ತಾನು ಜೀಪಿನಲ್ಲೇ ಇರುತ್ತೇನೆಂದಳು. ಮಹೇಶ್ವರಿ ಟೋಪಿ ಸೀಟಿನ ಮೇಲಿಟ್ಟಳು. ಫೋನೂ ಅಲ್ಲೇ ಉಳಿಯಿತು.

ಸುಂಕಲಮ್ಮ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಸಜ್ಜೆ ಹಸನು ಮಾಡುತ್ತಿದ್ದಳು. ಪೊಲೀಸರನ್ನು ಕಂಡು ಏಳಲಿಲ್ಲ. ಸೆರಗು ಮಾತ್ರ ತಲೆಯ ಮೇಲೆ ಎಳೆದುಕೊಂಡಳು.

"ಬರ್ರಿ," ಎಂದಳು. ಒಳಗೆ ಕರೆಯುವ ದನಿ ಅದಾಗಿರಲಿಲ್ಲ.

ಮಹೇಶ್ವರಿ ಅವಳ ಪಕ್ಕ ನೆಲದ ಮೇಲೆ ಕುಳಿತಳು. ಚೀಲದಿಂದ ನಾಲ್ಕು ಪುಟ ತೆಗೆದಳು.

"ಅಮ್ಮಾ, ಇದು ನಿಮ್ಮ ಯಜಮಾನ್ರು ಬರದದ್ದು. ಸಾಯೋದಕ್ಕ ಎರಡು ದಿನ ಮೊದಲು ನನ್ನ ಹತ್ರ ತಂದಿದ್ರು. ಇಲ್ಲೀತನಕ ಯಾರಿಗೂ ಹೇಳಿಲ್ಲ ನಾನು."

ಮೊರ ನಿಂತಿತು. ಸುಂಕಲಮ್ಮ ಕಾಗದ ಮುಟ್ಟಲಿಲ್ಲ. "ನನಗೇನು ಓದಾಕ ಬರ್ತೈತಿ? ನೀವ ಓದ್ರಿ."

ಮಹೇಶ್ವರಿ ಓದಿದಳು.

"ಘನ ಠಾಣಾಧಿಕಾರಿಗಳವರಿಗೆ. ನಾನು ಹತ್ತೊಂಬತ್ತು ವರ್ಷದಿಂದ ಈ ಊರ ಗ್ರಂಥಾಲಯವನ್ನು ನೋಡಿಕೊಂಡಿರುತ್ತೇನೆ. ದಿನಾಲೂ ಬೆಳಿಗ್ಗೆ ಪತ್ರಿಕೆಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಜನರಿಗೆ ಓದಿ ಹೇಳಿರುತ್ತೇನೆ. ಟೆಂಡರು, ಹರಾಜು, ಪ್ರಕಟಣೆ ಯಾವುದನ್ನೂ ಬಿಟ್ಟಿರುವುದಿಲ್ಲ. ಗುಡ್ಡದ ವಿಷಯ ಪತ್ರಿಕೆಯಲ್ಲಿ ಬಂದಿತ್ತಂತೆ, ನೀನು ಯಾಕೆ ಓದಲಿಲ್ಲ ಎಂದು ಊರವರು ನನ್ನನ್ನು ಕೇಳುತ್ತಿದ್ದಾರೆ. ನನ್ನಿಂದ ತಪ್ಪಾಯಿತೇನೋ ಎಂದು ನಾನು ಬಹಳ ಸಂಕಟಪಟ್ಟಿರುತ್ತೇನೆ. ಆದರೆ ಫೆಬ್ರವರಿ ಹದಿನೇಳರ ಪತ್ರಿಕೆಯಲ್ಲಿ ಸದರಿ ಪ್ರಕಟಣೆ ಇರುವುದಿಲ್ಲ. ಇದ್ದಿದ್ದರೆ ನಾನು ಓದಿರುತ್ತಿದ್ದೆ."

ಅದೇ ಹೊತ್ತಿಗೆ ಗುಡ್ಡದ ಮೇಲೆ ಸೀಟಿ ಊದಿದರು. ಸುಂಕಲಮ್ಮ ಅಭ್ಯಾಸದಂತೆ ಎರಡೂ ಕೈಯಿಂದ ಮೊರವನ್ನು ಒತ್ತಿ ಹಿಡಿದಳು. ಸಿಡಿತದ ಸದ್ದಿಗೆ ನೆಲ ಅದುರಿತು. ಒಳಗೆ ಪಾತ್ರೆ ಒಂದಕ್ಕೊಂದು ತಾಗಿದವು. ಗೋಡೆಯಿಂದ ಮಣ್ಣು ಸಣ್ಣಗೆ ಉದುರಿತು.

"ಹದಿನೈದು ದಿನ ಸರಿಯಾಗಿ ಉಣ್ಣಲಿಲ್ಲ," ದೂಳು ತಗ್ಗಿದ ಮೇಲೆ ಸುಂಕಲಮ್ಮ ಹೇಳಿದಳು. "'ನನ್ನ ಕಣ್ಣಿಂದ ತಪ್ಪಿತೇನು ಸುಂಕೀ, ಊರಿಗೆ ನಾ ಮೋಸ ಮಾಡಿದ್ನೇನು' ಅಂತ ಒಂದ ಸವನೆ ಅಂತಿದ್ದ. ಕಡೀಗೆ ಪ್ರಕಟಣೆ ತಾರೀಖು ಗೊತ್ತಾಗಿ ಕಟ್ಟಿನೊಳಗ ಆ ಪೇಪರ್ ಸಿಕ್ಕ ದಿನ ಮಕ್ಕಳಂಗ ಕುಣದಾಡಿದ." ಅವಳು ಮಹೇಶ್ವರಿಯ ಕಡೆ ತಿರುಗಿದಳು. "ನೀವು ಯಾಕ ತಗೊಳ್ಳಲಿಲ್ರಿ?"

ಕೆಲಸದ ಒತ್ತಡ ಇತ್ತು ಎನ್ನಬಹುದಿತ್ತು. ಮಂತ್ರಿ ಬರುವವರಿದ್ದರು ಎನ್ನಬಹುದಿತ್ತು. ಹನ್ನೊಂದು ದಿನದಿಂದ ಆ ಮಾತುಗಳನ್ನೆಲ್ಲ ತನಗೆ ತಾನೇ ಹೇಳಿಕೊಂಡು ನೋಡಿದ್ದಳು.

"ಸೊಕ್ಕು, ಅಮ್ಮಾ. ಕನ್ನಡದಾಗ ಬರದೀದಿ, ತೆಲುಗಿನಾಗ ಬರ್ಕೊಂಡು ಬಾ ಅಂತ ಹೊಳ್ಳಿ ಕಳಿಸಿದೆ. ನನಗ ಕನ್ನಡ ಓದಾಕ ಬರ್ತಿತ್ತು. ಅವತ್ತ ಓದಿದ್ರ ಅವರು ಇವತ್ತು ಇರ್ತಿದ್ರು. ಡಿಎಸ್ಪಿಯವರಿಗೂ ನಾಳೆ ಬರದು ಕೊಡ್ತೀನಿ. ಆದ್ರ ಮೊದಲು ನಿಮಗ ಹೇಳಬೇಕಿತ್ತು."

ಬೈಗುಳಕ್ಕೆ, ಶಾಪಕ್ಕೆ ಮಹೇಶ್ವರಿ ಸಿದ್ಧಳಿದ್ದಳು. ಅದರ ಬದಲು ಆ ಹೆಂಗಸಿನ ಹುಬ್ಬು ಗಂಟಿಕ್ಕಿತು.

"ಆದ್ರ ನೀವ ಮತ್ತ ಕರೆಸಿದ್ರಲ್ಲ?"

"ಏನು?"

"ಬುಧವಾರ ಮುಂಜಾನೆ. ಇನ್ನೂ ಪೂರಾ ಬೆಳಕಾಗಿದ್ದಿಲ್ಲ. ಆತನ ಫೋನಿಗೆ ಚಾರ್ಜ್ ಇದ್ದಿಲ್ಲ, ನನ್ನ ಫೋನಿಗೆ ಬಂತು; ಅರ್ಜಿಯೊಳಗ ಎರಡೂ ನಂಬರ್ ಬರದಿದ್ದ. ನಾನ ಎತ್ತಿದೆ. 'ಠಾಣೆಯಿಂದ ಮಾತಾಡ್ತೀವಿ, ಮೇಡಂ ಕರೀತಾರ' ಅಂದ್ರು. ಆತಗ ಕೊಟ್ಟೆ. 'ತೆಲುಗಿನಾಗ ಬರದದ್ದೂ ಆ ಪೇಪರೂ ತಗೊಂಡು ಕಾಲುವಿ ದಾರಿಗೆ ಬಾ, ಜೀಪು ಅಲ್ಲಿಗೆ ಬರ್ತೈತಿ' ಅಂದ್ರಂತ. ಎಷ್ಟು ಖುಷಿಲೆ ಹೋದ ಗೊತ್ತೇನು? 'ನೋಡಿದೇನ ಸುಂಕೀ, ಮೇಡಂ ಒಳ್ಳೇವ್ರು' ಅಂದ."

ಮಹೇಶ್ವರಿ ಅರ್ಜಿಯನ್ನು ಕೆಳಗಿಟ್ಟಳು. ತೆಲುಗಿನಲ್ಲಿ ಬರೆದದ್ದು. ಆ ಮಾತು ಸೋಮೇಶನಿಗೆ ಗೊತ್ತಿರಲಿಲ್ಲ. ಕೊಟ್ರಬಸಪ್ಪನಿಗೆ ಅವನಿಂದ ಗೊತ್ತಾಗುವಂತಿರಲಿಲ್ಲ. ಅದನ್ನು ಅವಳು ಆಡಿದ್ದು ತನ್ನ ಕೋಣೆಯಲ್ಲಿ.

"ಇಷ್ಟು ದಿನ ಯಾಕ ಹೇಳಲಿಲ್ಲ ಅಮ್ಮಾ?"

"ಯಾರಿಗೆ ಹೇಳ್ಲಿ? ಕರೆಸಿದವರು ನೀವು, ಕಾಲು ಜಾರ್ಯಾನ ಅಂತ ಬರದವರೂ ನೀವು. ನಿಮ್ಮ ಮ್ಯಾಲ ನಿಮಗ ದೂರು ಕೊಡ್ಲೇನು?" ಅವಳು ಸೊಂಟದ ಚೀಲದಿಂದ ಸಣ್ಣ ಫೋನು ತೆಗೆದು ಮುಂದೆ ಹಿಡಿದಳು. "ಹೋಗೋ ಮುಂದ ಆತನ ಒತ್ತಿ ಇಟ್ಟ. 'ಮೇಡಂ ನಂಬರು, ಇಟ್ಕೊಂಡಿರು' ಅಂತ."

ಪರದೆಯ ಮೇಲೆ 'ಪೊಲೀಸ್' ಎಂಬ ಹೆಸರು. ಕೆಳಗೆ ಅಂಕಿಗಳು. ಮಹೇಶ್ವರಿ ಅವನ್ನು ದಿನಕ್ಕೆ ಹತ್ತು ಸಲ ನೋಡುತ್ತಿದ್ದಳು. ಠಾಣೆಯ ಮೇಜಿನ ಮೇಲಿನ ಲ್ಯಾಂಡ್‌ಲೈನಿನದೇ ನಂಬರು.

"ಯಾರು ಮಾತಾಡಿದ್ರು? ಗಂಡಸಿನ ದನಿಯೇನು?"

"ಹೆಣ್ಣುಮಗಳು. ನಾ ನೀವ ಅಂದ್ಕೊಂಡಿದ್ದೆ." ಸುಂಕಲಮ್ಮ ತಲೆಯಾಡಿಸಿದಳು. "ಆದ್ರ ಈಗ ನೀವು ಓದೋದು ಕೇಳಿದ್ನಲ್ಲ. ನಿಮ್ಮ ದನಿ ದಪ್ಪ ಐತಿ. ಅದು ಸಣ್ಣದು, ಚೂಪಂದು."

ಅಂಗಳದಾಚೆ ಜೀಪಿನ ಬಾಗಿಲು ತೆರೆದ ಸದ್ದಾಯಿತು.

"ಮೇಡಂ!" ಗಂಗೋತ್ರಿ ಮಹೇಶ್ವರಿಯ ಫೋನು ಎತ್ತಿ ಹಿಡಿದು ಬೇಲಿಯ ಬಳಿಯಿಂದ ಕೂಗಿದಳು. "ಡಿಎಸ್ಪಿ ಸಾರ್ ಲೈನಿನಾಗ ಅದಾರ್ರಿ! ನಿಮ್ಮನ್ನ ಕರೀತಾರ!"

ಸುಂಕಲಮ್ಮನ ಮಡಿಲಿನಿಂದ ಮೊರ ಜಾರಿ ಸಜ್ಜೆಯೆಲ್ಲ ಕಟ್ಟೆಯ ಮೇಲೆ ಚೆಲ್ಲಿತು. ಅವಳು ಮಹೇಶ್ವರಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು.

"ಆಕಿನ," ಎಂದು ಪಿಸುಗುಟ್ಟಿದಳು. "ಅವತ್ತು ಕರದಾಕಿ ಆಕಿನ."